ನಮ್ಮ ಓಣಿಗೆ ನಾಲ್ಕು ಸಲ ಸರ್ವೆ ಬಂತು, ಬದಲಾಗಿದ್ದೇನು?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯವನು, ಪರಿಶಿಷ್ಟ ಜಾತಿ. ಬಿ.ಎ. ಮುಗಿಸಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮೂರು ವರ್ಷದಲ್ಲಿ ನಾಲ್ಕು ಸಲ ಯೂನಿವರ್ಸಿಟಿ ಕಡೆಯವರು ನಮ್ಮ ಓಣಿಗೆ ಸರ್ವೆಗೆ ಬಂದಿದ್ದಾರೆ. ಮಕ್ಕಳ ತೂಕ, ಎತ್ತರ ನೋಡುತ್ತಾರೆ. ಹೆಂಗಸರ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಯಾವ ಜಾತಿ, ನಿನ್ನೆ ಏನು ಉಂಡಿರಿ, ಪಾಯಿಖಾನೆ ಇದೆಯಾ ಅಂತ ಕೇಳಿ ಬರೆದುಕೊಂಡು ಹೋಗುತ್ತಾರೆ. ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ಬಡವರಿಗೆ ರೋಗ ಜಾಸ್ತಿ ಅಂತ ಹೇಳಲು ಯೂನಿವರ್ಸಿಟಿ ಬೇಕಾ ಮೇಡಂ? ಕೈಯಲ್ಲಿ ದುಡ್ಡಿದ್ದರೆ ಯಾರಾದರೂ ಆರೋಗ್ಯವಾಗಿಯೇ ಇರುತ್ತಾರೆ. ಇದರಲ್ಲಿ ಜಾತಿ ಯಾಕೆ ಬೇಕು? ಹೋದ ವಾರ ನನ್ನ ಅತ್ತಿಗೆಯ ರಕ್ತ ನೋಡಿ "8.4 ಇದೆ, ಕಡಿಮೆ" ಅಂದರು. ಅವರಿಗೆ ಈಗ ಆರು ತಿಂಗಳು. ಒಂದು ಚೀಟಿಯನ್ನೂ ಕೊಡಲಿಲ್ಲ. ಮುಂದಿನ ಸಲ ಬಂದರೆ ಬಾಗಿಲು ಹಾಕಿಕೊಳ್ಳೋಣ ಅಂತ ಓಣಿಯವರೆಲ್ಲ ಮಾತಾಡಿಕೊಂಡಿದ್ದೇವೆ. ತಪ್ಪಾ?

ಉತ್ತರ: ಮೊದಲು ಅತ್ತಿಗೆಯ ವಿಷಯ. ನಿಮ್ಮ ಉಳಿದ ಪ್ರಶ್ನೆಗಳು ಒಂದು ವಾರ ಕಾಯುತ್ತವೆ, ಇದು ಕಾಯುವುದಿಲ್ಲ.

8.4 ಅಂದರೆ ಹಿಮೋಗ್ಲೋಬಿನ್. ಗರ್ಭಿಣಿಗೆ ಅದು 11 ಇರಬೇಕು. 7ರಿಂದ 9.9ರ ನಡುವೆ ಇದ್ದರೆ ಮಧ್ಯಮ ರಕ್ತಹೀನತೆ ಅನ್ನುತ್ತೇವೆ. 7ಕ್ಕಿಂತ ಕೆಳಗಿಳಿದರೆ ದೊಡ್ಡ ಆಸ್ಪತ್ರೆಯ ಕೆಲಸ. ನಿಮ್ಮ ಅತ್ತಿಗೆ ಇನ್ನೂ ಅಲ್ಲಿಗೆ ಹೋಗಿಲ್ಲ, ಆದರೆ ಸುಮ್ನೆ ಬಿಡುವ ಹಾಗೂ ಇಲ್ಲ. ನಾಳೆಯೇ ತಾಯಿ ಕಾರ್ಡ್ ಹಿಡಿದುಕೊಂಡು ಪಿಎಚ್‌ಸಿಗೆ ಹೋಗಲಿ. ಅಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಬಂದ ಸಂಖ್ಯೆಯನ್ನು ಕಾರ್ಡಿನಲ್ಲೇ ಬರೆಸಿ. ಈ ಮಟ್ಟದಲ್ಲಿದ್ದರೆ ದಿನಕ್ಕೆ ಎರಡು ಕಬ್ಬಿಣದ ಮಾತ್ರೆ ಕೊಡಬೇಕು ಅನ್ನುವುದು ಸರ್ಕಾರದ್ದೇ ನಿಯಮ. ಒಂದೇ ಕೊಟ್ಟರೆ ಡಾಕ್ಟರನ್ನು ಕೇಳಿ. ಮಾತ್ರೆ ನುಂಗಿದ ಕೂಡಲೇ ಚಹಾ ಕುಡಿಯಬಾರದು. ಗರ್ಭಿಣಿಯರಿಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆಗೇ ನುಂಗಬಾರದು, ಎರಡರ ನಡುವೆ ಎರಡು ಗಂಟೆಯಾದರೂ ಬಿಡಬೇಕು. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೆಯದು. ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬೇಡಿ. ಎಷ್ಟೋ ಜನ ಆ ಕಪ್ಪು ನೋಡಿಯೇ ಮಾತ್ರೆಯನ್ನು ಹಿತ್ತಲಿಗೆ ಎಸೆಯುತ್ತಾರೆ. ಒಂದು ತಿಂಗಳಾದ ಮೇಲೆ ಮತ್ತೆ ನೋಡಿಸಿ. ಆ ಸಂಖ್ಯೆ ಒಂದಾದರೂ ಏರದಿದ್ದರೆ ತಾಲೂಕು ಆಸ್ಪತ್ರೆಗೆ ಬರೆದುಕೊಡಲು ಹೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ಡಾಕ್ಟರೇ ನೋಡುವ ದಿನ. ಅದನ್ನು ತಪ್ಪಿಸಬೇಡಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ, ಮೊಟ್ಟೆ ಸಿಗುತ್ತದೆ. ಅತ್ತಿಗೆ ಅಲ್ಲಿಗೆ ಹೋಗಿ ಉಣ್ಣುತ್ತಾರಾ? ಅಂಗನವಾಡಿ ಯಾವ ಓಣಿಯಲ್ಲಿದೆ? ಈ ಎರಡನೇ ಪ್ರಶ್ನೆ ಯಾಕೆ ಕೇಳಿದೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಈಗ ನಿಮ್ಮ ಸಿಟ್ಟಿಗೆ ಬರೋಣ.

ಬಡವರಿಗೆ ರೋಗ ಜಾಸ್ತಿ ಅಂತ ಹೇಳಲು ಯೂನಿವರ್ಸಿಟಿ ಬೇಡ, ಒಪ್ಪಿದೆ. ನಿಮ್ಮ ಅಜ್ಜಿಗೇ ಅದು ಗೊತ್ತು. ಆದರೆ ಅದರ ಬೆನ್ನಿಗೇ ದುಡ್ಡಿದ್ದರೆ ಎಲ್ಲಾ ಸರಿ ಅಂದಿರಲ್ಲ, ಅದು ಪೂರ್ತಿ ನಿಜ ಅಲ್ಲ. ನಿಜ ಅಲ್ಲ ಅಂತ ಗೊತ್ತಾಗಿದ್ದು ಮಾತ್ರ ಈ ಸರ್ವೆಗಳಿಂದಲೇ.

ಲಂಡನ್ನಿನಲ್ಲಿ ವೈಟ್‌ಹಾಲ್ ಅಂತ ಒಂದು ರಸ್ತೆ ಇದೆ. ನಮ್ಮ ವಿಧಾನಸೌಧದ ಸುತ್ತಮುತ್ತ ಇದ್ದ ಹಾಗೆ ಅಲ್ಲೂ ಸಾಲಾಗಿ ಸರ್ಕಾರಿ ಕಚೇರಿಗಳು. 1967ರಲ್ಲಿ ಸಂಶೋಧಕರು ಅಲ್ಲಿನ 17,000ಕ್ಕೂ ಜಾಸ್ತಿ ಗಂಡಸು ನೌಕರರ ಬಿಪಿ, ಕೊಲೆಸ್ಟ್ರಾಲ್, ಬೀಡಿ ಸಿಗರೇಟಿನ ಲೆಕ್ಕ ಎಲ್ಲ ಬರೆದಿಟ್ಟರು. ಆಮೇಲೆ ವರ್ಷಾನುಗಟ್ಟಲೆ ಯಾರು ಯಾವಾಗ, ಯಾವುದರಿಂದ ಸತ್ತರು ಅಂತ ನೋಡುತ್ತಾ ಹೋದರು. ಇಲ್ಲಿ ಗಮನಿಸಿ, ಇವರಲ್ಲಿ ಯಾರೂ ಕಡುಬಡವರಲ್ಲ. ಬಾಗಿಲು ಕಾಯುವ ಜವಾನನಿಗೂ ತಿಂಗಳ ಸಂಬಳ, ಪಿಂಚಣಿ, ಪುಕ್ಕಟೆ ಸರ್ಕಾರಿ ಆಸ್ಪತ್ರೆ ಎಲ್ಲ ಇತ್ತು. ಆದರೂ ಹೃದಯದ ಕಾಯಿಲೆಯಿಂದ ಸಾಯುವವರ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಕೆಳಗಿನ ಜವಾನರಲ್ಲಿ ಸುಮಾರು ಮೂರು ಪಟ್ಟು ಇತ್ತು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಈ ಅಂತರದ ಮೂರನೇ ಒಂದು ಭಾಗಕ್ಕಷ್ಟೇ ಕಾರಣ ಸಿಕ್ಕಿತು. ನಡುವಿನವರೂ ತಪ್ಪಿಸಿಕೊಂಡಿರಲಿಲ್ಲ. ಮೆಟ್ಟಿಲ ಹಾಗೆ, ಒಂದೊಂದು ದರ್ಜೆ ಕೆಳಗಿಳಿದಂತೆ ಸಾವು ಒಂದೊಂದು ಪಾಲು ಜಾಸ್ತಿ. ಈ ಕೆಲಸದಲ್ಲಿ ಮುಂದೆ ನಿಂತವರು ಮೈಕೆಲ್ ಮಾರ್ಮಟ್. 1985ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಿಂದ 10,308 ನೌಕರರ ಎರಡನೇ ಅಧ್ಯಯನ ಶುರುವಾಯಿತು. ಈ ಸಲ ಹೆಂಗಸರನ್ನೂ ಸೇರಿಸಿಕೊಂಡರು. ಅದರಲ್ಲಿ ಒಂದು ವಿಷಯ ಎದ್ದು ಕಾಣಿಸಿತು. ಕೆಲಸದ ಮೇಲೆ ತನ್ನದೇನೂ ನಡೆಯದಿರುವುದು, ಬರೀ ಇನ್ನೊಬ್ಬರು ಹೇಳಿದ್ದನ್ನು ಮಾಡುತ್ತಲೇ ಇರುವುದು, ಹೃದಯಕ್ಕೆ ಒಳ್ಳೆಯದಲ್ಲ. ದುಡ್ಡಿನ ಜೊತೆಗೆ ನೀವು ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ ಅನ್ನುವುದೂ ಮೈಯೊಳಗೆ ಇಳಿಯುತ್ತದೆ ಅಂತಾಯಿತು.

ಅಲ್ಲಿನ ಮೆಟ್ಟಿಲು ನೌಕರಿಯದು. ಪರೀಕ್ಷೆ ಬರೆದು ಹತ್ತಬಹುದು. ನಮ್ಮ ಮೆಟ್ಟಿಲು ಹುಟ್ಟಿನದು.

ಸಂಗೀತಾ ವ್ಯಾಸ್, ಪಾಯಲ್ ಹಾಥಿ, ಆಶಿಶ್ ಗುಪ್ತಾ ಅನ್ನುವ ಮೂವರು ಸಂಶೋಧಕರು 2022ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಉತ್ತರ ಪ್ರದೇಶ, ಬಿಹಾರ, ರಾಜಸ್ಥಾನ, ಒಡಿಶಾ ಮುಂತಾದ ಒಂಬತ್ತು ರಾಜ್ಯಗಳಲ್ಲಿ ಎರಡು ಕೋಟಿ ಜನರ ವಿವರ ಇದ್ದ ಸರ್ಕಾರಿ ಸರ್ವೆಯನ್ನು ಹಿಡಿದು ಕೂತವರು ಅವರು. ಮೇಲ್ಜಾತಿ ಹಿಂದೂಗಳ ಆಯಸ್ಸಿಗೆ ಹೋಲಿಸಿದರೆ ಆದಿವಾಸಿಗಳ ಆಯಸ್ಸು ನಾಲ್ಕು ವರ್ಷಕ್ಕಿಂತ ಜಾಸ್ತಿ ಕಡಿಮೆ. ದಲಿತರದು ಮೂರು ವರ್ಷಕ್ಕಿಂತ ಜಾಸ್ತಿ ಕಡಿಮೆ. ಮುಸ್ಲಿಮರದು ಸುಮಾರು ಒಂದು ವರ್ಷ ಕಡಿಮೆ. ಇಷ್ಟೇ ಆಗಿದ್ದರೆ ನೀವು "ಬಡತನ ಮೇಡಂ, ಮತ್ತೇನು" ಅನ್ನುತ್ತಿದ್ದಿರಿ. ಅವರೂ ಅದನ್ನೇ ಪರೀಕ್ಷಿಸಿದರು. ಆಸ್ತಿ, ಮನೆ, ಸಾಮಾನು ಎಲ್ಲ ಒಂದೇ ಥರ ಇರುವ ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೂ ಅಂತರ ಹೋಗಲಿಲ್ಲ. ಅಂತರದ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ದುಡ್ಡಿನ ಲೆಕ್ಕಕ್ಕೆ ಬಂತು.

ಆ ಸರ್ವೆಯಲ್ಲಿ ಜಾತಿ ಕೇಳದೇ ಇದ್ದಿದ್ದರೆ? ಒಂಬತ್ತು ರಾಜ್ಯದ ಸರಾಸರಿ ಆಯಸ್ಸು ಇಷ್ಟು ಅಂತ ಒಂದೇ ಸಂಖ್ಯೆ ಬರುತ್ತಿತ್ತು. ಆ ಮೂರು ವರ್ಷ, ನಾಲ್ಕು ವರ್ಷ ಎಲ್ಲಿ ಹೋಯಿತು ಅಂತ ಯಾರಿಗೂ ಕಾಣಿಸುತ್ತಲೇ ಇರಲಿಲ್ಲ. ನಿಮ್ಮ ಬಾಗಿಲಲ್ಲಿ ಜಾತಿ ಕೇಳುವುದಕ್ಕೆ ಕಾರಣ ಇದು. ಕೇಳುವ ರೀತಿ ಬೇರೆ ವಿಷಯ. ಬಾಗಿಲಲ್ಲಿ ನಿಂತು, ನಾಲ್ಕು ಜನ ಕೇಳಿಸಿಕೊಳ್ಳುವ ಹಾಗೆ "ಎಸ್ಸಿನಾ?" ಅನ್ನುವ ಹುಡುಗರನ್ನು ನಾನೂ ನೋಡಿದ್ದೇನೆ. ಅಂಥವರನ್ನು ಬೈಯುವ ಹಕ್ಕು ನಿಮಗಿದೆ.

ಹಾಗಾದರೆ ಉಳಿದ ಪಾಲು ಎಲ್ಲಿದೆ? ಇದನ್ನು ಹುಡುಕುವಾಗ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನೂ ಇಂಥದ್ದೇ ಸರ್ವೆಗೆ ಹೋಗಿದ್ದೆ, ನಮ್ಮ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: "ಆಸ್ಪತ್ರೆಯಲ್ಲಿ ನಿಮಗೆ ಜಾತಿಯ ಕಾರಣಕ್ಕೆ ತಾರತಮ್ಯ ಆಗಿದೆಯೇ?" ಒಂದು ಓಣಿಯಲ್ಲಿ ಮೂವತ್ತು ಹೆಂಗಸರನ್ನು ಕೇಳಿದೆ. ಮೂವತ್ತೂ ಜನ "ಇಲ್ಲ" ಅಂದರು. ಖುಷಿಯಾಯಿತು, ಬರೆದುಕೊಂಡೆ. ಮಧ್ಯಾಹ್ನ ಒಬ್ಬರ ಕಟ್ಟೆಯ ಮೇಲೆ ನೀರು ಕುಡಿಯುತ್ತಾ ಕೂತಿದ್ದಾಗ ಮಾತಿಗೆ ಮಾತು ಬಂದು, "ಮನೆಗೆ ಬಂದ ನರ್ಸಮ್ಮ ಮಾತ್ರೆ ಹೇಗೆ ಕೊಡ್ತಾರೆ?" ಅಂತ ಕೇಳಿದೆ. ಆಕೆ ಮಾತಾಡಲಿಲ್ಲ. ಎಡಗೈ ಅಂಗೈಯನ್ನು ಬಟ್ಟಲ ಹಾಗೆ ಮಾಡಿ ಕೆಳಗೆ ಹಿಡಿದು, ಬಲಗೈಯನ್ನು ಒಂದು ಮೊಳ ಮೇಲಿಟ್ಟು, ಬೆರಳು ಬಿಟ್ಟು ತೋರಿಸಿದಳು. ಮಾತ್ರೆ ಮೇಲಿಂದ ಬೀಳುವುದು. ಪಕ್ಕದಲ್ಲಿ ಕೂತಿದ್ದ ಸೊಸೆ ನಕ್ಕು, "ಒಮ್ಮೊಮ್ಮೆ ಕೆಳಗೂ ಬೀಳ್ತದ, ಆರಿಸ್ಕೋತೀವಿ" ಅಂದಳು. ನನ್ನ ಫಾರಂನಲ್ಲಿ ಆ ಮನೆಯ ಮುಂದೆ "ತಾರತಮ್ಯ: ಇಲ್ಲ" ಅಂತ ನನ್ನದೇ ಅಕ್ಷರದಲ್ಲಿ ಬರೆದಿತ್ತು.

ತಾರತಮ್ಯ ಅನ್ನುವುದು ನಮ್ಮ ಮಾತು. ಅವರಿಗೆ ಅದು ಮಾತ್ರೆ ಕೊಡುವ ರೀತಿ, ಅಷ್ಟೇ. ಹುಟ್ಟಿದಾಗಿನಿಂದ ನೋಡಿದ್ದನ್ನು ಯಾರೂ ದೂರು ಅಂತ ಹೇಳುವುದಿಲ್ಲ.

ಹೀಗೆ ಒಂದೊಂದಾಗಿ, ಕಣ್ಣಿಗೆ ಕಾಣುವ ಹಾಗೆ ಕೇಳಿದವರು ದೆಹಲಿಯ ಜೆಎನ್‌ಯುವಿನ ಸಂಘಮಿತ್ರಾ ಆಚಾರ್ಯ. ಗುಜರಾತ್ ಮತ್ತು ರಾಜಸ್ಥಾನದ ಕೆಲವು ಹಳ್ಳಿಗಳಲ್ಲಿ 200 ದಲಿತ ಮಕ್ಕಳನ್ನು ಮಾತಾಡಿಸಿ 2010ರಲ್ಲಿ ವರದಿ ಬರೆದರು. ಆ ಮಕ್ಕಳಿಗೆ ಔಷಧಿ ಕೊಟ್ಟ ಸಂದರ್ಭಗಳು ಒಟ್ಟು 1,298. ಅದರಲ್ಲಿ 1,181 ಸಲ ಒಂದಲ್ಲ ಒಂದು ರೀತಿಯಲ್ಲಿ ಜಾತಿ ನಡುವೆ ಬಂದಿತ್ತು. ಹತ್ತಕ್ಕೆ ಒಂಬತ್ತು ಸಲ! ಕಾಯಿಲೆ ಬಿದ್ದ ಮಗುವನ್ನು ಮುಟ್ಟದೆ ಏನು ಪರೀಕ್ಷೆ ಮಾಡಲಿಕ್ಕಾಗುತ್ತದೆ ಹೇಳಿ. ಹೊಟ್ಟೆ ಒತ್ತಿ ನೋಡಬೇಕು, ಕಣ್ಣು ಕೆಳಗೆಳೆದು ರಕ್ತ ಇದೆಯಾ ನೋಡಬೇಕು, ನಾಡಿ ಹಿಡಿಯಬೇಕು. ಮುಟ್ಟದಿದ್ದರೆ ಬರೀ ಅವಮಾನ ಅಲ್ಲ, ಚಿಕಿತ್ಸೆಯೇ ಅರ್ಧ ಆಗುತ್ತದೆ. ಎರಡು ಸಲ ಹೀಗಾದ ತಾಯಿ ಮೂರನೇ ಸಲ ಹೋಗುವುದಿಲ್ಲ. ರೋಗ ಬಲಿತ ಮೇಲೆ ಹೋಗುತ್ತಾಳೆ. ಅಷ್ಟರಲ್ಲಿ ತಡವಾಗಿರುತ್ತದೆ. ಆಗ ಪುಸ್ತಕದಲ್ಲಿ "ತಡವಾಗಿ ಕರೆತಂದರು" ಅಂತ ಬರೆಯುತ್ತಾರೆ, ತಪ್ಪು ತಾಯಿಯದಾಗುತ್ತದೆ.

ಇದೆಲ್ಲ ಹಳೇ ಕಾಲದ್ದು ಅನ್ನುವವರೂ ಇದ್ದಾರೆ. ದೆಹಲಿಯ ಎನ್‌ಸಿಎಇಆರ್ ಅನ್ನುವ ಆರ್ಥಿಕ ಸಂಶೋಧನಾ ಸಂಸ್ಥೆ ಮತ್ತು ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ 2011-12ರಲ್ಲಿ ದೇಶದ 42,000 ಮನೆಗಳ ಸರ್ವೆ ಮಾಡಿದವು. ಅದರಲ್ಲೂ ಒಂದು ಜಾಣತನ ಇತ್ತು. ಮೊದಲು "ನಿಮ್ಮ ಮನೆಯಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತೀರಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ, "ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಆಗುತ್ತಾ?" ಅಂತ ಇನ್ನೊಂದು ಪ್ರಶ್ನೆ. ನೂರಕ್ಕೆ ಸುಮಾರು 27 ಮನೆಯವರು ಒಂದಲ್ಲ ಒಂದು ರೂಪದಲ್ಲಿ ಆಚರಣೆ ಇದೆ ಅಂತ ಒಪ್ಪಿಕೊಂಡರು. ಒಪ್ಪಿಕೊಂಡವರಷ್ಟೇ ಇವರು. ಮುಂದೆ ಅಶ್ವಿನಿ ದೇಶಪಾಂಡೆ ಮತ್ತು ರಾಜೇಶ್ ರಾಮಚಂದ್ರನ್ ಅನ್ನುವ ಅರ್ಥಶಾಸ್ತ್ರಜ್ಞರು ಈ ಲೆಕ್ಕವನ್ನು ಮಕ್ಕಳ ಎತ್ತರದ ಲೆಕ್ಕದ ಪಕ್ಕ ಇಟ್ಟು ನೋಡಿದರು. ಅಸ್ಪೃಶ್ಯತೆ ಜಾಸ್ತಿ ಇರುವ ಕಡೆ ಮೇಲ್ಜಾತಿ ಮಕ್ಕಳಿಗೂ ದಲಿತ ಮಕ್ಕಳಿಗೂ ಎತ್ತರದ ಅಂತರವೂ ಜಾಸ್ತಿ ಇತ್ತು. ಮಗುವನ್ನು ಹಲಗೆಯ ಮೇಲೆ ಮಲಗಿಸಿ, ಅಮ್ಮ ತಲೆ ಹಿಡಿದು, ನಾವು ಕಾಲು ನೆಟ್ಟಗೆ ಮಾಡಿ ಅಳತೆ ತೆಗೆಯುತ್ತೇವಲ್ಲ, ಮಗು ಕಿರುಚಿಕೊಳ್ಳುತ್ತದಲ್ಲ, ಆ ಸೆಂಟಿಮೀಟರುಗಳು ಹೋಗಿ ಸೇರುವುದು ಇಂಥ ಲೆಕ್ಕಗಳಿಗೆ.

ನೀರನ್ನೇ ತಗೊಳ್ಳಿ. 2011ರ ಜನಗಣತಿಯ ಹೊತ್ತಿಗೆ ದೇಶದಲ್ಲಿ ನೂರಕ್ಕೆ ಸುಮಾರು 47 ಮನೆಗಳಿಗೆ ಮನೆಯ ಆವರಣದಲ್ಲೇ ಕುಡಿಯುವ ನೀರಿತ್ತು. ಪರಿಶಿಷ್ಟ ಜಾತಿಯ ಮನೆಗಳಲ್ಲಿ ಅದು 35, ಪರಿಶಿಷ್ಟ ಪಂಗಡದಲ್ಲಿ 20. ಈಗ ನಲ್ಲಿಗಳು ಜಾಸ್ತಿಯಾಗಿವೆ, ಒಪ್ಪೋಣ. ಆದರೆ ನಲ್ಲಿ ಯಾವ ಓಣಿಗೆ ಮೊದಲು ಬಂತು, ನೀರು ಬಿಟ್ಟಾಗ ಕೊನೆಯ ಮನೆಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಅಂತ ಯಾವ ಊರಿನಲ್ಲಾದರೂ ಕೇಳಿ ನೋಡಿ. ಎರಡು ಕೊಡ ನೀರಿನಲ್ಲಿ ದಿನ ಕಳೆಯುವವರು ಕೈ ತೊಳೆಯುವುದನ್ನು ಬಿಟ್ಟುಬಿಡುತ್ತಾರೆ. ಕೈ ತೊಳೆಯದಿದ್ದರೆ ಮಗುವಿಗೆ ಭೇದಿ. ಮತ್ತೆ ಮತ್ತೆ ಭೇದಿಯಾದ ಮಗು ತಿಂದದ್ದು ಮೈಗೆ ಹತ್ತುವುದಿಲ್ಲ, ಎತ್ತರ ನಿಲ್ಲುತ್ತದೆ. ಊಟ ಇದ್ದೂ ಕುಳ್ಳಾಗುವ ಮಕ್ಕಳ ಕಥೆ ಎಷ್ಟೋ ಸಲ ಇಷ್ಟೇ. ಅಂಗನವಾಡಿ ಯಾವ ಓಣಿಯಲ್ಲಿದೆ ಅಂತ ಕೇಳಿದ್ದೂ ಇದಕ್ಕೇ. ಮೇಲಿನ ಓಣಿಯಲ್ಲಿದ್ದರೆ, ಆರು ತಿಂಗಳ ಬಸುರಿ ತಟ್ಟೆ ಹಿಡಿದು ಅಲ್ಲಿಯವರೆಗೆ ದಿನಾ ನಡೆದು ಹೋಗಿ, ಎಲ್ಲರ ಜೊತೆ ಕೂತು ಉಣ್ಣುತ್ತಾಳಾ ಅನ್ನುವುದು ಪ್ರಶ್ನೆ. ಯೋಜನೆ ಕಾಗದದ ಮೇಲೆ ಎಲ್ಲರಿಗೂ ಇದೆ.

ಇಂಥ ತಾರತಮ್ಯದ ಪರಿಣಾಮ ಮೈ ಮೇಲೆ ಎಂಥದ್ದು ಅಂತ ಅಮೆರಿಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಆರ್ಲೀನ್ ಜೆರೋನಿಮಸ್ 1992ರಲ್ಲೇ ಬರೆದಿದ್ದರು. ಬಿಸಿಲು ಮಳೆಗೆ ಮಣ್ಣಿನ ಗೋಡೆ ಸವೆಯುವ ಹಾಗೆ, ದಿನದಿನದ ಅವಮಾನ, ಆತಂಕಕ್ಕೆ ಕಪ್ಪು ಹೆಂಗಸರ ಮೈ ಬೇಗ ಸವೆಯುತ್ತದೆ ಅನ್ನುವುದು ಅವರ ವಾದ. ಅಲ್ಲಿ ಕಾಲೇಜು ಓದಿದ ಕಪ್ಪು ತಾಯಂದಿರ ಶಿಶುಗಳು, ಹೈಸ್ಕೂಲೂ ಮುಗಿಸದ ಬಿಳಿ ತಾಯಂದಿರ ಶಿಶುಗಳಿಗಿಂತ ಜಾಸ್ತಿ ಸಾಯುತ್ತವೆ. ಓದು, ಸಂಬಳ ಎರಡೂ ಇದ್ದು ಹೀಗೆ. ದುಡ್ಡಿದ್ದರೆ ಸಾಕು ಅನ್ನುವ ನಿಮ್ಮ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಹತ್ತಿರ ಇಲ್ಲ. ಹಾಗಂತ ದುಡ್ಡು ಬೇಡ ಅಂತಲ್ಲ, ಅಪಾರ್ಥ ಮಾಡಿಕೊಳ್ಳಬೇಡಿ.

ಇನ್ನೊಂದು ಮಾತು ನಿಮಗೆ ಇಷ್ಟ ಆಗದೇ ಹೋಗಬಹುದು. ಮೆಟ್ಟಿಲು ಊರಿನಲ್ಲಿ ಮಾತ್ರ ಇಲ್ಲ, ಮನೆಯೊಳಗೂ ಇದೆ.

ನಿಮ್ಮ ಕಡೆಯ ಕೊಪ್ಪಳ ಸೀಮೆಯಲ್ಲೇ ಬೆಂಗಳೂರಿನ ಐಐಎಂನ ಗೀತಾ ಸೇನ್, ಅದಿತಿ ಅಯ್ಯರ್ ಮತ್ತು ಜೊತೆಗಾರರು ವರ್ಷಗಟ್ಟಲೆ ಕೆಲಸ ಮಾಡಿದರು. ಅವರು ಕೇಳಿದ್ದು ತುಂಬಾ ಸಾದಾ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಬೇಗ ವಾಸಿಯಾಗದ ಕಾಯಿಲೆ ಬಂದರೆ, ಚಿಕಿತ್ಸೆ ಶುರುವೇ ಮಾಡದವರು ಯಾರು, ಶುರು ಮಾಡಿ ನಡುವೆ ಬಿಟ್ಟವರು ಯಾರು, ಕೊನೆಯವರೆಗೂ ಮಾಡಿಸಿದವರು ಯಾರು? ಬಡ ಮನೆಯ ಹೆಂಗಸು ಎಲ್ಲರಿಗಿಂತ ಹಿಂದೆ ಇದ್ದಳು, ಅದೇನೂ ಆಶ್ಚರ್ಯ ಅಲ್ಲ. ನಡುವಿನ ಇಬ್ಬರ ಕಥೆ ಮಾತ್ರ ಯೋಚಿಸುವಂಥದ್ದು. ಉಳ್ಳವರ ಮನೆಯ ಹೆಂಗಸಿಗೆ ಹೆಣ್ಣಾದರೂ ಮನೆಯ ದುಡ್ಡು ಕೈ ಹಿಡಿಯುತ್ತದೆ. ಬಡ ಗಂಡಸಿಗೆ ದುಡ್ಡಿಲ್ಲದಿದ್ದರೂ ಗಂಡಸುತನ ಕೈ ಹಿಡಿಯುತ್ತದೆ, ಯಾಕೆಂದರೆ ದುಡಿಯುವವನು ಮಲಗಿದರೆ ಮನೆ ನಡೆಯುವುದೇ ನಿಲ್ಲುತ್ತದೆ ಅಂತ ಸಾಲ ಮಾಡಿಯಾದರೂ ಅವನನ್ನು ತೋರಿಸುತ್ತಾರೆ. ಬಡ ಹೆಂಗಸಿಗೆ ಹಿಡಿದುಕೊಳ್ಳಲು ಎರಡೂ ಇಲ್ಲ. ಆಕೆಯೂ ಕೂಲಿಗೆ ಹೋಗುತ್ತಾಳೆ, ಆದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮ್ಮ ಮನೆಯಲ್ಲಿ ರಾತ್ರಿ ಕೊನೆಗೆ ಉಣ್ಣುವವರು ಯಾರು? ತಳದಲ್ಲಿ ಉಳಿದ ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? 8.4 ಅನ್ನುವ ಸಂಖ್ಯೆಯ ಒಂದು ಪಾಲು ಅಲ್ಲೂ ಇದೆ.

ನಮ್ಮ ರಾಜ್ಯದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಹೆಮ್ಮೆಪಡಬೇಕಾದದ್ದೇ. ಅದೇ ಸಮೀಕ್ಷೆಯಲ್ಲಿ ರಕ್ತ ಕಡಿಮೆ ಇರುವ ಹೆಂಗಸರು ನೂರಕ್ಕೆ 47.8. ಅದರ ಹಿಂದಿನ ಸಮೀಕ್ಷೆಯಲ್ಲಿ 44.8 ಇತ್ತು. ಕಡಿಮೆಯಾಗಿಲ್ಲ, ಏರಿದೆ. ಆಸ್ಪತ್ರೆಗೆ ಕರೆದೊಯ್ಯಲು ಆಂಬುಲೆನ್ಸ್ ಸಾಕು. ರಕ್ತ ಏರಿಸಲು ಅಡುಗೆಮನೆಯ ಪದ್ಧತಿಯೂ ಬದಲಾಗಬೇಕು.

ಸರಿ, ಇಷ್ಟೆಲ್ಲ ಅಳೆದು ಏನು ಬದಲಾಯಿತು ಅಂತ ಕೇಳುತ್ತೀರಿ. ಬಹಳ ಸಲ ಏನೂ ಇಲ್ಲ. ಇಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ನಿಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ನಿಮ್ಮ ಊರಿನ ಶಾಲೆಯ ತಟ್ಟೆಯಲ್ಲೇ ಇದೆ.

ಅದೇ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ನೂರಕ್ಕೆ 35.4. ಯಾದಗಿರಿಯಲ್ಲಿ ಅರ್ಧಕ್ಕಿಂತ ಜಾಸ್ತಿ. 2021ರ ಡಿಸೆಂಬರಿನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ, ಜೊತೆಗೆ ವಿಜಯಪುರಕ್ಕೆ, ಬಿಸಿಯೂಟದಲ್ಲಿ ಮೊಟ್ಟೆ ಅಥವಾ ಬಾಳೆಹಣ್ಣು ಕೊಡಲು ಶುರು ಮಾಡಿತು. ಆಗ ಎದ್ದ ಗಲಾಟೆ ನಿಮಗೂ ನೆನಪಿರಬೇಕು. ಕೆಲವು ಮಠಾಧೀಶರು ಬೇಡವೇ ಬೇಡ ಅಂದರು. ಮಕ್ಕಳೇ ಎದ್ದುನಿಂತು ನಮಗೆ ಬೇಕು ಅಂದರು. ಈ ಬೇಕು ಬೇಡದ ನಡುವೆ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತಕ್ಕಡಿ ಹಿಡಿದು ಹೊರಟರು. ಮೊಟ್ಟೆ ಸಿಗುತ್ತಿದ್ದ ಯಾದಗಿರಿಯ ಮಕ್ಕಳು ಒಂದು ಕಡೆ, ಸಿಗದ ಗದಗದ ಮಕ್ಕಳು ಇನ್ನೊಂದು ಕಡೆ. ಕೆಲವು ತಿಂಗಳ ನಂತರ ತೂಗಿದಾಗ ಯಾದಗಿರಿಯ ಮಕ್ಕಳ ಮೈತೂಕ ಚೆನ್ನಾಗಿ ಏರಿತ್ತು, ಅದರಲ್ಲೂ ದೊಡ್ಡ ತರಗತಿಯ ಹುಡುಗಿಯರಲ್ಲಿ. ಗದಗದ ಮಕ್ಕಳನ್ನು ತೂಗದೆ ಇದ್ದಿದ್ದರೆ "ಮಕ್ಕಳು ಬೆಳೆಯೋ ವಯಸ್ಸು, ತೂಕ ಏರೇ ಏರುತ್ತೆ" ಅಂತ ಯಾರಾದರೂ ತಳ್ಳಿಹಾಕುತ್ತಿದ್ದರು. ಹೋಲಿಕೆ ಇದ್ದುದರಿಂದ ತಳ್ಳಿಹಾಕಲು ಆಗಲಿಲ್ಲ. ಮುಂದಿನ ವರ್ಷ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ ಆಯಿತು. ಆ ಒಂದು ವರದಿಯಿಂದಲೇ ಎಲ್ಲ ಆಯಿತು ಅಂತ ಹೇಳುವುದಿಲ್ಲ, ಬೀದಿಗಿಳಿದವರೂ ಇದ್ದರು. ಆದರೆ ಗೊತ್ತಿರುವುದು ಬೇರೆ, ಎಣಿಸಿ ಇಟ್ಟಿರುವುದು ಬೇರೆ. ನಿಮಗೆ ಗೊತ್ತಿರುವುದನ್ನು ಕಚೇರಿ "ಹೌದಾ?" ಅನ್ನುತ್ತದೆ. ಎಣಿಸಿದ್ದಕ್ಕೆ ಹಾಗನ್ನುವುದು ಸ್ವಲ್ಪ ಕಷ್ಟ.

ಎಣಿಕೆ ನಮ್ಮಂಥವರ ಕಿವಿಯನ್ನೂ ಹಿಂಡುತ್ತದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲ್ ಬಿಡದಿರಲಿ, ಬೇಗ ಮದುವೆ ಆಗದಿರಲಿ ಅಂತ ಸಮತಾ ಅನ್ನುವ ಕಾರ್ಯಕ್ರಮ ನಡೆಯಿತು. ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ ಕೆಎಚ್‌ಪಿಟಿ ಸಂಸ್ಥೆಯವರು ಲಂಡನ್ನಿನ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಚೀಟಿ ಎತ್ತಿದ ಹಾಗೆ ಕೆಲವು ಹಳ್ಳಿಗಳಲ್ಲಿ ಕಾರ್ಯಕ್ರಮ, ಕೆಲವು ಹಳ್ಳಿಗಳಲ್ಲಿ ಇಲ್ಲ. ಮೂರು ವರ್ಷದ ನಂತರ ನೋಡಿದರೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ನಮ್ಮ ಕೆಲಸದಿಂದ ವ್ಯತ್ಯಾಸ ಕಾಣಲಿಲ್ಲ ಅಂತ ಅವರೇ ಪ್ರಕಟಿಸಿದರು. ನನಗೆ ಇದು ಯಶಸ್ಸಿನ ಕಥೆಗಳಿಗಿಂತ ಜಾಸ್ತಿ ಇಷ್ಟ.

ಇಷ್ಟು ಹೇಳಿದ ಮೇಲೂ ನಿಮ್ಮ ಸಿಟ್ಟು ತಪ್ಪು ಅನ್ನಲಾರೆ. ಒಂದು ಹಳ್ಳಿಯಲ್ಲಿ ನಾನು ಸೂಜಿಯ ಡಬ್ಬ ತೆರೆಯುತ್ತಿದ್ದಾಗ ಒಬ್ಬ ಮುದುಕಿ ಕೇಳಿದಳು, "ಹೋದ ವರ್ಷ ತಗೊಂಡು ಹೋದ ರಕ್ತ ಏನ್ ಮಾಡಿದ್ರಿ ಯವ್ವಾ?" ಹೋದ ವರ್ಷ ಬಂದವರು ಬೇರೆ ತಂಡ. ಆದರೆ ಆಕೆಗೆ ನಾವೆಲ್ಲ ಒಂದೇ, ಚೀಲ ಹಾಕಿಕೊಂಡು ಬರುವವರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಕ್ತದ ಲೆಕ್ಕ ಅಷ್ಟರಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಅಚ್ಚಾಗಿರಬಹುದು. ಯಾರಿಗೋ ಪಿಎಚ್‌ಡಿ ಬಂದಿರಬಹುದು. ಆ ಓಣಿಗೆ ಒಂದು ಹಾಳೆಯೂ ವಾಪಸ್ ಬಂದಿರಲಿಲ್ಲ.

ಇದಕ್ಕಿಂತ ಕೆಟ್ಟದ್ದೂ ಆಗಿದೆ. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರದಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಪಾತ್ ಅನ್ನುವ ಅಮೆರಿಕದ ಸಂಸ್ಥೆ ಮತ್ತು ನಮ್ಮ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಸೇರಿ ನಡೆಸಿದ್ದು. ಸೂಜಿ ಹಾಕಿಸಿಕೊಂಡವರಲ್ಲಿ ಆದಿವಾಸಿ ಹುಡುಗಿಯರು ಬಹಳ. ಏಳು ಹುಡುಗಿಯರು ತೀರಿಕೊಂಡರು. ಆ ಸಾವಿಗೆ ಲಸಿಕೆ ಕಾರಣ ಇದ್ದಂತಿಲ್ಲ ಅಂತ ತನಿಖೆ ಹೇಳಿತು, ಲಸಿಕೆಯೂ ಒಳ್ಳೆಯದೇ. ಆದರೆ ಒಪ್ಪಿಗೆ ಪತ್ರಗಳನ್ನು ತೆಗೆದು ನೋಡಿದರೆ ಅಪ್ಪ ಅಮ್ಮ ಸಹಿ ಹಾಕಬೇಕಾದ ಜಾಗದಲ್ಲಿ ಎಷ್ಟೋ ಕಡೆ ಹಾಸ್ಟೆಲ್ ವಾರ್ಡನ್ ಸಹಿ ಇತ್ತು. 2010ರಲ್ಲಿ ಯೋಜನೆ ನಿಂತಿತು. 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಬರೆಯಿತು.

ಹಾಗಾಗಿ ಬಾಗಿಲು ಹಾಕಿಕೊಳ್ಳುವುದು ನಿಮ್ಮ ಹಕ್ಕು. ಐಸಿಎಂಆರ್‌ನ 2017ರ ನಿಯಮಾವಳಿಯೂ ಅದನ್ನೇ ಹೇಳುತ್ತದೆ: ಬೇಡ ಅನ್ನಬಹುದು, ಒಪ್ಪಿಕೊಂಡ ಮೇಲೂ ನಡುವೆ ಬಿಡಬಹುದು, ಅದಕ್ಕಾಗಿ ನಿಮ್ಮ ಯಾವ ಸೌಲಭ್ಯವೂ ನಿಲ್ಲಬಾರದು. ಆದರೆ ನನ್ನನ್ನು ಕೇಳಿದರೆ, ಬಾಗಿಲು ಹಾಕುವುದಕ್ಕಿಂತ ಬಾಗಿಲಲ್ಲಿ ನಿಲ್ಲಿಸಿ ಕೇಳುವುದು ಜಾಸ್ತಿ ಕೆಲಸ ಮಾಡುತ್ತದೆ. ನೀವು ಓದಿದವರು, ಅಂಗಡಿ ಊರ ನಡುವೆ ಇರಬೇಕು. ಬಂದವರನ್ನು ಮೊದಲು ಅಲ್ಲಿಗೇ ಕರೆಸಿ. ಕನ್ನಡದಲ್ಲಿ ಬರೆದ ಮಾಹಿತಿ ಹಾಳೆ ಕೊಡಿ ಅನ್ನಿ. ಇರಲೇಬೇಕು, ಇಲ್ಲ ಅಂದರೆ ಅಲ್ಲೇ ವಾಪಸ್ ಕಳಿಸಿ. ಸಂಶೋಧನೆಯಿಂದ ಜನರಿಗೆ ಅನ್ಯಾಯ ಆಗುವುದಿಲ್ಲವಾ ಅಂತ ನೋಡುವ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟ ಪತ್ರ ತೋರಿಸಲು ಹೇಳಿ, ಅದರಲ್ಲಿರುವ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ರಕ್ತ ಇವತ್ತಿನ ಪರೀಕ್ಷೆಗಷ್ಟೇನಾ, ಇಟ್ಟುಕೊಂಡು ಮುಂದೆ ಬೇರೆ ಯಾವುದಕ್ಕಾದರೂ ಬಳಸುತ್ತೀರಾ ಅಂತ ಕೇಳಿ. ಹೆಂಗಸರನ್ನು ಹೆಂಗಸರೇ, ಒಳಗೆ ಕೂತು ಮಾತಾಡಿಸಲಿ. ಅತ್ತೆ, ಮಾವ ಪಕ್ಕದಲ್ಲಿ ಬೇಡ. ರಕ್ತ ಪರೀಕ್ಷೆ ಮಾಡಿದರೆ ಸಂಖ್ಯೆ ಬರೆದ ಚೀಟಿ ಆಗಲೇ ಕೊಡಬೇಕು, 8.4 ಇದ್ದವರನ್ನು ಎಲ್ಲಿಗೆ ಕಳಿಸಬೇಕು ಅನ್ನುವುದೂ ಅವರ ಚೀಲದಲ್ಲಿರಬೇಕು. ನಿಮ್ಮ ಅತ್ತಿಗೆಗೆ ಬಾಯಿಮಾತಲ್ಲಿ ಹೇಳಿ ಹೋದದ್ದು ದೊಡ್ಡ ತಪ್ಪು. ಇದನ್ನು ಆ ತಂಡದ ಮುಖ್ಯಸ್ಥರಿಗೆ ಬರೆದು ತಿಳಿಸಿ. ಮುಖ್ಯವಾದ ಮಾತು ಇನ್ನೊಂದು: ಫಲಿತಾಂಶ ಓಣಿಗೆ ಯಾವ ತಿಂಗಳು ತಂದು ಹೇಳುತ್ತೀರಿ ಅಂತ ಕೇಳಿ, ತಾರೀಖು ಹಾಕಿಸಿಕೊಳ್ಳಿ.

ಆ ಹಾಳೆ ಬಂದ ಮೇಲೆ ಅದನ್ನು ಗ್ರಾಮಸಭೆಗೆ ತಗೊಂಡು ಹೋಗಿ. "ನಮ್ಮ ಓಣಿಗೆ ನೀರು ಬರಲ್ಲ" ಅಂದರೆ ಪಿಡಿಓ ನೋಡೋಣ ಅನ್ನುತ್ತಾರೆ. "ಇಷ್ಟು ಮನೆಯಲ್ಲಿ ಇಷ್ಟು ಮನೆಗೆ ದಿನಕ್ಕೆ ಎರಡೇ ಕೊಡ, ಮೇಲಿನ ಓಣಿಗೆ ಇಷ್ಟು" ಅಂತ ಓದಿ ಹೇಳಿದರೆ ನಡಾವಳಿಯಲ್ಲಿ ಬರೆಯಬೇಕಾಗುತ್ತದೆ. ಅಷ್ಟಕ್ಕೆ ಯೂನಿವರ್ಸಿಟಿಯನ್ನೇ ಕಾಯಬೇಕಾಗಿಯೂ ಇಲ್ಲ. ಕೊಡ ಎಣಿಸಲು ನಿಮ್ಮ ಓಣಿಯ ಹೈಸ್ಕೂಲ್ ಹುಡುಗಿಯರೇ ಸಾಕು, ಒಂದು ನೋಟ್‌ಬುಕ್ ಕೊಡಿ.

ಅತ್ತಿಗೆಯ ಎರಡನೇ ಪರೀಕ್ಷೆ ಆದ ಮೇಲೆ ಸಂಖ್ಯೆ ಬರೆದು ಕಳಿಸಿ. ಮಾತ್ರೆ ಒಂದು ಕೊಟ್ಟರೋ ಎರಡೋ ಅನ್ನುವುದನ್ನೂ ಬರೆಯಿರಿ. ಹೇಗೆ ಕೊಟ್ಟರು ಅನ್ನುವುದನ್ನೂ.